ಎದೆಯುರಿಯ ಮಾತ್ರೆಯಿಂದ ಎಂಡೋಸ್ಕೋಪಿಯವರೆಗೆ, ಅಲ್ಲಿಂದ ಮಾತ್ರೆ ಬಿಡುವವರೆಗೆ

ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಗೆಂದು ಬಂದವರನ್ನು ನಾವು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತಿದ್ದೀರಿ? "ಪ್ಯಾಂಟೊಪ್ರಜೋಲ್ ತಿಂಗಳುಗಟ್ಟಲೆ ತಗೊಂಡ್ರೂ ಎದೆಯುರಿ ಹೋಗ್ಲಿಲ್ಲ ಡಾಕ್ಟ್ರೇ" ಎನ್ನುವವರಲ್ಲಿ ಬಹಳಷ್ಟು ಮಂದಿ ಅದನ್ನು ಊಟವಾದ ಮೇಲೋ, ಮಲಗುವ ಹೊತ್ತಿಗೋ, ಉರಿ ಕಾಣಿಸಿಕೊಂಡಾಗ ಮಾತ್ರವೋ ತೆಗೆದುಕೊಳ್ಳುತ್ತಿರುತ್ತಾರೆ. ಮಾತ್ರೆ ಸರಿಯಾದದ್ದೇ, ಪ್ರಮಾಣವೂ ಸರಿಯೇ, ಹೊತ್ತು ತಪ್ಪಿದೆ. ಅನ್ನನಾಳ, ಜಠರ, ಸಣ್ಣಕರುಳಿನ ಮೊದಲ ಭಾಗ, ಈ ಮೂರರ ಸಾಮಾನ್ಯ ಕಾಯಿಲೆಗಳಿಗೆ ಕೊಡುವ ಔಷಧಿಗಳ ವಿಷಯದಲ್ಲಿ ಯಾವುದು ಎಂಬುದರಷ್ಟೇ ಯಾವಾಗ, ಹೇಗೆ ಎಂಬುದೂ ಮುಖ್ಯ. ಔಷಧಿ ಚೀಟಿಯಲ್ಲಿ ಅದಕ್ಕೆ ಸಿಗುವ ಜಾಗ ಬಹಳ ಕಡಿಮೆ. ಹಾಗಾಗಿ ಮೊದಲ ಮಾತ್ರೆಯಿಂದ ಹಿಡಿದು ಎಂಡೋಸ್ಕೋಪಿ, ಹುಣ್ಣು ತರುವ ಹೆಲಿಕೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಚಿಕಿತ್ಸೆ, ಕೊನೆಗೆ ಮಾತ್ರೆ ಬಿಡುವವರೆಗಿನ ದಾರಿಯನ್ನು ನಾವು ದಿನವೂ ಕಾಣುವ ಕ್ರಮದಲ್ಲೇ ಇಲ್ಲಿ ಬರೆದಿದ್ದೇವೆ.

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ಇಸೊಮೆಪ್ರಜೋಲ್, ರಾಬೆಪ್ರಜೋಲ್, ಲ್ಯಾನ್ಸೊಪ್ರಜೋಲ್ ಇವೆಲ್ಲ ಒಂದೇ ಕುಟುಂಬ; ಪ್ರೋಟಾನ್ ಪಂಪ್ ಇನ್ಹಿಬಿಟರ್, ಚಿಕ್ಕದಾಗಿ ಪಿಪಿಐ ಎಂದು ಕರೆಯುತ್ತೇವೆ. ಜಠರದ ಗೋಡೆಯಲ್ಲಿರುವ ಪರೈಟಲ್ ಕೋಶಗಳಲ್ಲಿ ಆಮ್ಲವನ್ನು ಹೊರದಬ್ಬುವ ಪಂಪುಗಳಿವೆ. ಪಿಪಿಐ ಆ ಪಂಪಿಗೆ ಬಿಡಿಸಲಾಗದಂತೆ ಅಂಟಿಕೊಂಡು ಅದನ್ನು ನಿಲ್ಲಿಸುತ್ತದೆ. ಆದರೆ ಅದು ಅಂಟಿಕೊಳ್ಳುವುದು ಆ ಕ್ಷಣದಲ್ಲಿ ಕೆಲಸ ಮಾಡುತ್ತಿರುವ ಪಂಪಿಗೆ ಮಾತ್ರ. ಸುಮ್ಮನಿರುವ ಪಂಪನ್ನು ಅದು ಮುಟ್ಟುವುದಿಲ್ಲ. ರಾತ್ರಿಯಿಡೀ ಉಪವಾಸವಿದ್ದು ಬೆಳಿಗ್ಗೆ ಮೊದಲ ತುತ್ತು ತಿಂದಾಗಲೇ ಅತಿ ಹೆಚ್ಚು ಪಂಪುಗಳು ಒಟ್ಟಿಗೆ ಚುರುಕಾಗುವುದು. ಔಷಧಿ ರಕ್ತದಲ್ಲಿ ಉಳಿಯುವುದೋ ಬಹಳ ಸ್ವಲ್ಪ ಹೊತ್ತು, ಒಂದೆರಡು ಗಂಟೆಯಲ್ಲೇ ಅರ್ಧ ಖಾಲಿ. ಆದ್ದರಿಂದ ತಿಂಡಿಗೆ 30ರಿಂದ 60 ನಿಮಿಷ ಮೊದಲು ಖಾಲಿ ಹೊಟ್ಟೆಯಲ್ಲಿ ನುಂಗಿದರೆ, ಪಂಪುಗಳು ಏಳುವ ಹೊತ್ತಿಗೆ ರಕ್ತದಲ್ಲಿ ಔಷಧಿಯೂ ತುಂಬಿರುತ್ತದೆ. ಮಾತ್ರೆ ನುಂಗಿ ತಿಂಡಿಯನ್ನೇ ಬಿಟ್ಟರೂ ಪ್ರಯೋಜನವಿಲ್ಲ; ಪಂಪುಗಳು ಏಳುವುದೇ ಇಲ್ಲ. ದಿನಕ್ಕೆ ಎರಡು ಬಾರಿ ಎಂದು ಬರೆದಿದ್ದರೆ ಎರಡನೆಯದು ರಾತ್ರಿ ಊಟಕ್ಕೆ ಅರ್ಧ ಗಂಟೆ ಮೊದಲು, ಹಾಸಿಗೆಗೆ ಹೋಗುವಾಗ ಅಲ್ಲ.

ಒಂದೇ ದಿನದಲ್ಲಿ ಗುಣ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಮೊದಲ ದಿನ ಒಂದಷ್ಟು ಪಂಪು ನಿಲ್ಲುತ್ತವೆ, ಹೊಸವು ಹುಟ್ಟುತ್ತಿರುತ್ತವೆ, ಮರುದಿನ ಇನ್ನಷ್ಟು ನಿಲ್ಲುತ್ತವೆ. ಪೂರ್ತಿ ಪರಿಣಾಮ ಕಾಣಲು ಮೂರರಿಂದ ಐದು ದಿನ ಬೇಕು. ಉರಿ ಬಂದಾಗ ಒಂದು, ಇಲ್ಲದಾಗ ಇಲ್ಲ ಎಂದು ತೆಗೆದುಕೊಂಡರೆ ಈ ಲೆಕ್ಕ ಕೂಡುವುದೇ ಇಲ್ಲ. ಇನ್ನೊಂದು ಮಾತು: ಈ ಔಷಧಿಯನ್ನು ಆಮ್ಲವೇ ಹಾಳುಮಾಡುತ್ತದೆ. ಅದಕ್ಕೇ ಮಾತ್ರೆಯ ಮೇಲೆ ಜಠರದಲ್ಲಿ ಕರಗದ ಲೇಪನ ಇರುವುದು. ಅದನ್ನು ಅಗಿದರೆ, ಪುಡಿಮಾಡಿದರೆ, ಎರಡು ತುಂಡು ಮಾಡಿದರೆ ಔಷಧಿ ಜಠರದಲ್ಲೇ ಕೆಟ್ಟುಹೋಗುತ್ತದೆ. ನುಂಗಲಾಗದವರಿಗೆ ಕೆಲವು ಕ್ಯಾಪ್ಸೂಲುಗಳನ್ನು ಬಿಚ್ಚಿ ಒಳಗಿನ ಕಾಳುಗಳನ್ನು ಮೆತ್ತನೆಯ, ತುಸು ಹುಳಿಯಿರುವ ಆಹಾರದ ಒಂದು ಚಮಚದಲ್ಲಿ ಬೆರೆಸಿ ಅಗಿಯದೆ ನುಂಗಿಸಬಹುದು. ಯಾವ ಕ್ಯಾಪ್ಸೂಲಿಗೆ ಅದು ನಡೆಯುತ್ತದೆಂದು ಔಷಧಿ ಕೊಡುವವರನ್ನು ಕೇಳಿಯೇ ಮಾಡಬೇಕು.

ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸಬಹುದು. ಆಂಟಾಸಿಡ್ ಸಿರಪ್ ಇದ್ದ ಆಮ್ಲವನ್ನು ತಟಸ್ಥಗೊಳಿಸುತ್ತದೆ, ಹೊಸ ಆಮ್ಲವನ್ನು ತಡೆಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಕುಡಿದರೆ ಅರ್ಧ ಗಂಟೆಯಲ್ಲಿ ಮುಂದಕ್ಕೆ ಜಾರಿಹೋಗುತ್ತದೆ. ಊಟವಾಗಿ ಒಂದು ಗಂಟೆಗೆ ಕುಡಿದರೆ ಆಹಾರದ ಜೊತೆ ನಿಂತು ಎರಡು ಮೂರು ಗಂಟೆ ಕೆಲಸ ಮಾಡುತ್ತದೆ. ಅದರಲ್ಲಿರುವ ಅಲ್ಯೂಮಿನಿಯಂ ಮಲಬದ್ಧತೆ ತರುತ್ತದೆ, ಮೆಗ್ನೀಸಿಯಂ ಭೇದಿ ತರುತ್ತದೆ, ಎರಡನ್ನೂ ಬೆರೆಸುವುದು ಅದಕ್ಕೇ. ಮೂತ್ರಪಿಂಡದ ತೊಂದರೆ ಇರುವವರು ಈ ಎರಡನ್ನೂ ಕೇಳದೆ ಕುಡಿಯಬಾರದು. ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ, ಸಿಪ್ರೊಫ್ಲಾಕ್ಸಸಿನ್, ಟೆಟ್ರಾಸೈಕ್ಲಿನ್ ಇವುಗಳನ್ನು ಆಂಟಾಸಿಡ್ ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಕನಿಷ್ಠ ಎರಡು ಗಂಟೆ ಅಂತರ ಬೇಕು, ಥೈರಾಯ್ಡ್ ಮಾತ್ರೆಗೆ ನಾಲ್ಕು. ಸುಕ್ರಾಲ್ಫೇಟ್ ಹುಣ್ಣಿನ ಮೇಲೆ ಪದರವಾಗಿ ಕೂರುವ ಔಷಧಿ; ಊಟಕ್ಕೆ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು, ಆಂಟಾಸಿಡ್ ಅದರ ಅರ್ಧ ಗಂಟೆ ಹಿಂದೆ ಮುಂದೆ ಸುಳಿಯಬಾರದು, ಏಕೆಂದರೆ ಅದು ಅಂಟಾಗಲು ಆಮ್ಲವೇ ಬೇಕು.

ಫಾಮೊಟಿಡಿನ್ ಬೇರೆ ಕುಟುಂಬದ್ದು. ಅದು ಆಮ್ಲ ಸುರಿಸಲು ಹಿಸ್ಟಮಿನ್ ಕೊಡುವ ಆಜ್ಞೆಯನ್ನು ತಡೆಯುತ್ತದೆ, ಅರ್ಧ ಒಂದು ಗಂಟೆಯಲ್ಲಿ ಪರಿಣಾಮ ಶುರು, ರಾತ್ರಿ ಮಲಗುವಾಗ ತೆಗೆದುಕೊಳ್ಳಲು ಯೋಗ್ಯ. ಆದರೆ ದಿನವೂ ತೆಗೆದುಕೊಂಡರೆ ಒಂದೆರಡು ವಾರದಲ್ಲಿ ದೇಹ ಒಗ್ಗಿಕೊಂಡು ಅದರ ಬಲ ಕುಗ್ಗುತ್ತದೆ. ಇದೇ ಕುಟುಂಬದ ರಾನಿಟಿಡಿನ್ ದಶಕಗಳ ಕಾಲ ಎಲ್ಲರ ಮನೆಯಲ್ಲೂ ಇದ್ದದ್ದು. ಅದರಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಇರಬಹುದಾದ ವಸ್ತು ಪತ್ತೆಯಾಗಿ 2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಕ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ತೆಗೆಯಲು ಹೇಳಿತು. ಹಳೆಯ ಡಬ್ಬಿಯಲ್ಲಿ ಉಳಿದಿದ್ದರೆ ಬಳಸಬೇಡಿ.

ಡೊಂಪೆರಿಡೋನ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಪಿಪಿಐ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಸೇರಿಸಿದ್ದನ್ನು ಜನ ವರ್ಷಗಟ್ಟಲೆ ನುಂಗುವುದನ್ನು ಕಾಣುತ್ತೇವೆ. ಅದು ಹೃದಯದ ವಿದ್ಯುತ್ ಲಯವನ್ನು ಏರುಪೇರು ಮಾಡಬಲ್ಲ ಔಷಧಿ. ಯುರೋಪಿನ ಔಷಧಿ ನಿಯಂತ್ರಕರು 2014ರಲ್ಲೇ ಅದನ್ನು ವಾಕರಿಕೆ, ವಾಂತಿಗೆ ಮಾತ್ರ ಎಂದು ಸೀಮಿತಗೊಳಿಸಿದರು: ದೊಡ್ಡವರಿಗೆ 10 ಮಿ.ಗ್ರಾಂ., ದಿನಕ್ಕೆ ಹೆಚ್ಚೆಂದರೆ ಮೂರು ಬಾರಿ, ಸಾಮಾನ್ಯವಾಗಿ ಒಂದು ವಾರ ಮೀರದಂತೆ. ಕ್ಲಾರಿಥ್ರೊಮೈಸಿನ್, ಕೀಟೊಕೊನಜೋಲ್‌ನಂಥವು ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಅಪಾಯ ಅಲ್ಲಿ ದೊಡ್ಡದಾಗುತ್ತದೆ. ವಾಂತಿಗೇ ಕೊಡುವ ಮೆಟೊಕ್ಲೊಪ್ರಮೈಡ್ ಅನ್ನೂ ಬಹುಕಾಲ ತೆಗೆದುಕೊಳ್ಳುವಂತಿಲ್ಲ. ಬಾಯಿ, ನಾಲಿಗೆ, ಮುಖದ ಸ್ನಾಯುಗಳು ತಾವಾಗಿ ಚಲಿಸತೊಡಗುವ ತೊಂದರೆ ಅದರಿಂದ ಬರುತ್ತದೆ, ಮಾತ್ರೆ ಬಿಟ್ಟ ಮೇಲೂ ಕೆಲವರಲ್ಲಿ ಅದು ಹೋಗುವುದಿಲ್ಲ.

ಇಷ್ಟೆಲ್ಲ ಸರಿಯಾಗಿ ತೆಗೆದುಕೊಂಡು ನಾಲ್ಕರಿಂದ ಎಂಟು ವಾರ ಕಳೆದರೂ ತೊಂದರೆ ಹೋಗದಿದ್ದರೆ ಎಂಡೋಸ್ಕೋಪಿಯ ಮಾತು ಬರುತ್ತದೆ. ಕೆಲವು ಲಕ್ಷಣಗಳಿಗೆ ಆ ಕಾಯುವಿಕೆಯೂ ಬೇಡ. ನುಂಗಿದ್ದು ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥ ಕಪ್ಪು ಕಣಗಳು, ಡಾಂಬರಿನಂತೆ ಅಂಟಂಟಾದ ಕಪ್ಪು ಮಲ, ನಿಲ್ಲದ ವಾಂತಿ, ರಕ್ತಹೀನತೆ. ಅರವತ್ತರ ಆಸುಪಾಸಿನಲ್ಲಿ ಮೊದಲ ಬಾರಿಗೆ ಶುರುವಾದ ಅಜೀರ್ಣವೂ ಈ ಸಾಲಿಗೇ ಸೇರುತ್ತದೆ. ರಕ್ತ ವಾಂತಿ, ಕಪ್ಪು ಮಲ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಮಾತ್ರೆ, ಬಿಸ್ಮತ್ ತೆಗೆದುಕೊಳ್ಳುವವರಿಗೂ ಮಲ ಕಪ್ಪಾಗುತ್ತದೆ; ಆದರೆ ಅದು ಅಂಟಂಟಾಗಿರುವುದಿಲ್ಲ, ಆ ವಿಚಿತ್ರ ಕೆಟ್ಟ ವಾಸನೆಯೂ ಇರುವುದಿಲ್ಲ. ಇದೆಲ್ಲಕ್ಕಿಂತ ಮೊದಲು ಇನ್ನೊಂದು: ನಡೆದಾಗ, ಮೆಟ್ಟಿಲು ಹತ್ತಿದಾಗ ಬರುವ ಎದೆಯ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಜೊತೆಗೆ ಬೆವರು ಇವನ್ನು ಗ್ಯಾಸ್ ಎಂದುಕೊಂಡು ಸಿರಪ್ ಕುಡಿದು ಕೂರಬಾರದು. ಮೊದಲು ಇಸಿಜಿ, ಜಠರದ ವಿಚಾರ ಆಮೇಲೆ. ಆಂಟಾಸಿಡ್ ಕುಡಿದು ನೋವು ಕಡಿಮೆಯಾಯಿತೆಂಬುದು ಹೃದಯ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಬರುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ತನ್ನಿ ಎಂದು ನಾವು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹುಣ್ಣಿನ ಮೂಲ ಎಷ್ಟೋ ಸಲ ಆ ಪಟ್ಟಿಯಲ್ಲೇ ಸಿಗುತ್ತದೆ. ಐಬುಪ್ರೊಫೆನ್, ಡೈಕ್ಲೊಫಿನಾಕ್, ನಾಪ್ರೊಕ್ಸೆನ್, ಆಸ್ಪಿರಿನ್ ಇವು ಜಠರದ ಗೋಡೆಯನ್ನು ಕಾಯುವ ಪ್ರೊಸ್ಟಗ್ಲಾಂಡಿನ್ ಉತ್ಪಾದನೆಯನ್ನೇ ತಗ್ಗಿಸುತ್ತವೆ. ಈ ಕೆಲಸ ರಕ್ತದ ಮೂಲಕ ನಡೆಯುವುದರಿಂದ ಲೇಪನವಿರುವ ಮಾತ್ರೆಯಾದರೂ, ಇಂಜೆಕ್ಷನ್ ಆದರೂ, ಊಟದ ನಂತರ ತೆಗೆದುಕೊಂಡರೂ ಹುಣ್ಣಿನ ಅಪಾಯ ತಪ್ಪುವುದಿಲ್ಲ. ಜೊತೆಗೆ ಸ್ಟೀರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಔಷಧಿ ಇದ್ದರೆ ರಕ್ತಸ್ರಾವದ ಅಪಾಯ ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ ಈ ಗುಂಪಿನದಲ್ಲ. ಇನ್ನು ಕೆಲವು ಮಾತ್ರೆಗಳು ಅನ್ನನಾಳದಲ್ಲೇ ಸಿಕ್ಕಿಕೊಂಡು ಅಲ್ಲೇ ಗೋಡೆಯನ್ನು ಸುಡುತ್ತವೆ: ಡಾಕ್ಸಿಸೈಕ್ಲಿನ್, ಪೊಟ್ಯಾಶಿಯಂ ಕ್ಲೋರೈಡ್, ಮೂಳೆ ಸವೆತಕ್ಕೆ ಕೊಡುವ ಅಲೆಂಡ್ರೊನೇಟ್. ಮಲಗುವ ಮುನ್ನ ಒಂದು ಗುಟುಕು ನೀರಿನಲ್ಲಿ ಡಾಕ್ಸಿಸೈಕ್ಲಿನ್ ನುಂಗಿ ಹಾಗೇ ಒರಗಿದವರು ಮರುದಿನ ಎದೆಮೂಳೆಯ ಹಿಂದೆ ಚುಚ್ಚುವ ನೋವು, ಎಂಜಲು ನುಂಗಿದರೂ ನೋವು ಎಂದು ಬರುತ್ತಾರೆ. ಪೂರ್ತಿ ಒಂದು ಲೋಟ ನೀರು, ಆಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರುವುದು ಅಥವಾ ನಿಂತಿರುವುದು, ಇಷ್ಟು ಮಾಡಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಎಂಡೋಸ್ಕೋಪಿಯ ದಿನ ನಿಗದಿಯಾದಾಗ ಪಿಪಿಐ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ಕೇಳಿ. ರಕ್ತಸ್ರಾವದ ಭಯವಿಲ್ಲದವರಲ್ಲಿ ಎರಡು ವಾರ ಮೊದಲು ನಿಲ್ಲಿಸಿದರೆ ಕಾಣುವುದು ಸ್ಪಷ್ಟವಾಗಿರುತ್ತದೆ. ಮಾತ್ರೆ ನಡೆಯುತ್ತಿದ್ದರೆ ಸಣ್ಣ ಗಾಯಗಳು ಮಾಸಿರುತ್ತವೆ, ಬ್ಯಾಕ್ಟೀರಿಯಾ ಜಠರದ ಕೆಳಭಾಗದಿಂದ ಮೇಲ್ಭಾಗಕ್ಕೆ ಸರಿದು ಪರೀಕ್ಷೆಗೆ ಸಿಗದೆ ಹೋಗುತ್ತದೆ. ಆ ಎರಡು ವಾರ ಆಂಟಾಸಿಡ್ ಮೇಲೆ ದಿನ ದೂಡಬಹುದು. ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್, ವಾರ್ಫರಿನ್, ಆಸ್ಪಿರಿನ್ ಇವನ್ನು ಮಾತ್ರ ಸ್ವಂತ ನಿರ್ಧಾರದಿಂದ ಬಿಡಲೇಬಾರದು. ಬರಿ ನೋಡಿ, ಪರೀಕ್ಷೆಗೆಂದು ಒಳಪದರದ ಚೂರು ತೆಗೆಯುವ ಎಂಡೋಸ್ಕೋಪಿಗೆ ಅವನ್ನು ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಸ್ಟೆಂಟ್ ಹಾಕಿಸಿಕೊಂಡವರು ಇವನ್ನು ಬಿಟ್ಟರೆ ಹೃದಯಕ್ಕೇ ಕುತ್ತು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ಉಪವಾಸದ ಬೆಳಿಗ್ಗೆ ಎಷ್ಟು ಎಂಬುದನ್ನು ಮುಂಚೆಯೇ ಬರೆಸಿಕೊಳ್ಳಿ. ಸಕ್ಕರೆ, ತೂಕ ಇಳಿಸಲು ವಾರಕ್ಕೊಮ್ಮೆ ಸೆಮಾಗ್ಲುಟೈಡ್‌ನಂಥ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ತಪ್ಪದೆ ತಿಳಿಸಬೇಕು. ಅದು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಉಪವಾಸವಿದ್ದರೂ ಒಳಗೆ ಆಹಾರ ಉಳಿದಿರುತ್ತದೆ.

ಉಪವಾಸದ ನಿಯಮ: ಗಟ್ಟಿ ಆಹಾರ, ಹಾಲು ನಿಲ್ಲಿಸಿ ಕನಿಷ್ಠ ಆರು ಗಂಟೆ, ನೀರು ನಿಲ್ಲಿಸಿ ಎರಡು ಗಂಟೆ. ಹೆಚ್ಚಿನ ಕಡೆ ರಾತ್ರಿ ಊಟದ ನಂತರ ಏನೂ ಬೇಡ ಎನ್ನುತ್ತಾರೆ. "ಸಿಸ್ಟರ್, ಅರ್ಧ ಲೋಟ ಹಾಲು ಕುಡಿದೆ ಅಷ್ಟೇ, ಪರವಾಗಿಲ್ವಾ?" ಎಂದು ಬಾಗಿಲಲ್ಲಿ ಕೇಳುವವರಿದ್ದಾರೆ. ಪರವಾಗಿಲ್ಲ ಎನ್ನುವಂತಿಲ್ಲ. ಗಂಟಲು ಮರಗಟ್ಟಿರುವಾಗ ಜಠರದಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೆ ಆ ದಿನದ ಸರದಿ ತಪ್ಪಿದರೂ ಸರಿ, ಹೇಳಿಬಿಡುವುದೇ ಒಳ್ಳೆಯದು.

ಒಳಗೆ ಹೋದ ಮೇಲೆ ಕೃತಕ ಹಲ್ಲು, ಕನ್ನಡಕ ತೆಗೆಸುತ್ತೇವೆ. ನೊರೆ ತಗ್ಗಿಸುವ ಸಿಮೆಥಿಕೋನ್ ದ್ರಾವಣವನ್ನು ಕೆಲವು ಕಡೆ ಕುಡಿಸುತ್ತಾರೆ. ನೊರೆ ಇದ್ದರೆ ಅದರಡಿಯ ಸಣ್ಣ ಗಾಯ ಕಾಣುವುದಿಲ್ಲ. ಗಂಟಲಿಗೆ ಲಿಡೊಕೇನ್ ಸ್ಪ್ರೇ. ಕಹಿ, ಸ್ವಲ್ಪ ಉರಿ, ಮತ್ತೆ ಒಂದು ನಿಮಿಷದಲ್ಲಿ ಗಂಟಲು ಊದಿಕೊಂಡಂತೆ, ಎಂಜಲು ನುಂಗಲಾಗದಂತೆ ಅನಿಸುತ್ತದೆ. ನಿಜಕ್ಕೂ ಊದಿರುವುದಿಲ್ಲ, ಸ್ಪರ್ಶ ಹೋಗಿರುತ್ತದೆ ಅಷ್ಟೇ. ಉಸಿರು ಎಂದಿನಂತೆ ಆಡುತ್ತಲೇ ಇರುತ್ತದೆ. ಬೇಕೆಂದವರಿಗೆ ಮಿಡಜೊಲಾಮ್ ಇಂಜೆಕ್ಷನ್ ಕೊಡುತ್ತೇವೆ. ಅದರಿಂದ ಮಂಪರು ಬರುತ್ತದೆ, ಎಷ್ಟೋ ಜನಕ್ಕೆ ಆಮೇಲೆ ಏನೂ ನೆನಪಿರುವುದಿಲ್ಲ. ಇಂಜೆಕ್ಷನ್ ತೆಗೆದುಕೊಂಡವರು 24 ಗಂಟೆ ವಾಹನ ಓಡಿಸುವಂತಿಲ್ಲ, ಕಾಗದಪತ್ರಕ್ಕೆ ಸಹಿ ಹಾಕುವಂತಿಲ್ಲ, ಜೊತೆಗೊಬ್ಬರು ಇರಲೇಬೇಕು. ಸ್ಪ್ರೇ ಮಾತ್ರ ಸಾಕು ಎಂದವರು ಎದ್ದು ನಡೆದುಹೋಗಬಹುದು.

ಎಡಮಗ್ಗುಲಿಗೆ ಮಲಗಿಸಿ, ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆ ಇಟ್ಟು, ಬೆರಳಿನಲ್ಲಿ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕುತ್ತೇವೆ. ಸ್ಕೋಪಿನ ದಪ್ಪ ಸುಮಾರು 9 ಮಿ.ಮೀ. ಕಷ್ಟದ ಕ್ಷಣವೆಂದರೆ ಅದು ನಾಲಿಗೆಯ ಬುಡ ದಾಟುವಾಗಿನ ಕೆಲವೇ ಸೆಕೆಂಡು. "ನುಂಗಿ" ಎಂದಾಗ ಒಮ್ಮೆ ನುಂಗಬೇಕು, ಆಮೇಲೆ ನುಂಗುವುದನ್ನು ಪೂರ್ತಿ ಬಿಟ್ಟು ಎಂಜಲನ್ನು ಕೆನ್ನೆಯಿಂದ ಹೊರಗೆ ಹರಿಯಲು ಬಿಡಬೇಕು. ಮೂಗಿನಿಂದ ಉಸಿರು, ಭುಜ ಸಡಿಲ, ಕಣ್ಣು ತೆರೆದಿರಲಿ. ಕಣ್ಣು ಬಿಗಿಯಾಗಿ ಮುಚ್ಚಿದವರಿಗೆ ಓಕರಿಕೆ ಹೆಚ್ಚು ಎಂಬುದು ನಾವು ಕಂಡುಕೊಂಡದ್ದು. ಪರದೆಯ ಮೇಲೆ ಮೊದಲು ಅನ್ನನಾಳದ ನಸುಗುಲಾಬಿ, ಹೊಳಪಿನ ಗೋಡೆ. ಹಲ್ಲಿನಿಂದ ಸುಮಾರು 40 ಸೆಂ.ಮೀ. ಹೋದಾಗ ಆ ಬಣ್ಣ ಅಂಕುಡೊಂಕು ಗೆರೆಯಲ್ಲಿ ನಿಂತು ಜಠರದ ಕಿತ್ತಳೆಗೆಂಪು ಶುರುವಾಗುತ್ತದೆ. ಈ ಗೆರೆಯನ್ನು ನಿಧಾನವಾಗಿ ನೋಡಬೇಕು: ರಿಫ್ಲಕ್ಸಿನ, ಅಂದರೆ ಆಮ್ಲ ಅನ್ನನಾಳಕ್ಕೆ ಮೇಲೇರುವುದರ, ಗಾಯಗಳು ಇಲ್ಲಿಂದಲೇ ಮೇಲೇಳುವುದು, ಕೆಂಪು ಬಣ್ಣ ನಾಲಿಗೆಯಂತೆ ಮೇಲಕ್ಕೆ ಚಾಚಿದ್ದರೆ ಬ್ಯಾರೆಟ್ (ಅನ್ನನಾಳದ ಒಳಪದರವೇ ಬದಲಾಗಿರುವ ಸ್ಥಿತಿ) ಇರಬಹುದೆಂದು ಚೂರು ತೆಗೆಯುವುದೂ ಇಲ್ಲಿಂದಲೇ. ಮುಂದೆ ಗಾಳಿ ಬಿಟ್ಟು ಜಠರವನ್ನು ಅರಳಿಸುತ್ತಾರೆ, ಹೊಟ್ಟೆ ಉಬ್ಬಿದಂತಾಗಿ ತೇಗು ಬರುತ್ತದೆ. ಪೈಲೋರಸ್ ದ್ವಾರ ತೆರೆದು ಮುಚ್ಚುವುದನ್ನು ಕಾದು ಸ್ಕೋಪು ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿಂದ ಹಿಂದೆ ಬಂದು ತುದಿಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಜಠರದ ಮೇಲ್ಭಾಗವನ್ನು ನೋಡುತ್ತಾರೆ. ಚೂರು ಕಿತ್ತದ್ದು ನೋಯುವುದಿಲ್ಲ. ಒಳಪದರಕ್ಕೆ ಕತ್ತರಿಸಿದ ನೋವು ತಿಳಿಯುವ ನರಗಳಿಲ್ಲ. ಎಲ್ಲ ಸೇರಿ ಐದರಿಂದ ಹತ್ತು ನಿಮಿಷ. ಗಂಟಲಿನ ಮರಗಟ್ಟು ಹೋಗುವವರೆಗೆ, ಅಂದರೆ ಮುಕ್ಕಾಲು ಒಂದು ಗಂಟೆ, ನೀರೂ ಬೇಡ. ಗಂಟಲು ಒಂದೆರಡು ದಿನ ಕೆರೆಯಬಹುದು. ಆದರೆ ಎದೆ ಅಥವಾ ಹೊಟ್ಟೆಯಲ್ಲಿ ಏರುತ್ತಲೇ ಹೋಗುವ ನೋವು, ಜ್ವರ, ಕುತ್ತಿಗೆಯ ಊತ ಬಂದರೆ ತಕ್ಷಣ ಮರಳಿ ಬರಬೇಕು. ರಂಧ್ರ ಬೀಳುವುದು ಅಪರೂಪ, ಬಿದ್ದಾಗ ಗಂಟೆಗಳ ಲೆಕ್ಕ ಮುಖ್ಯ.

ವರದಿಯಲ್ಲಿ ಬರುವ ಎ, ಬಿ, ಸಿ, ಡಿ ಎಂಬುದು ಅನ್ನನಾಳದ ರಿಫ್ಲಕ್ಸ್ ಗಾಯಗಳ ಲಾಸ್ ಏಂಜಲೀಸ್ ವರ್ಗೀಕರಣ. 5 ಮಿ.ಮೀ. ಒಳಗಿನ ಗಾಯ ಎ, ಅದಕ್ಕಿಂತ ಉದ್ದದ್ದು ಬಿ, ಮಡಿಕೆಯಿಂದ ಮಡಿಕೆಗೆ ಕೂಡಿಕೊಂಡು ಸುತ್ತಳತೆಯ ಮುಕ್ಕಾಲಿಗಿಂತ ಕಡಿಮೆ ಹರಡಿದ್ದು ಸಿ, ಮುಕ್ಕಾಲು ಅಥವಾ ಹೆಚ್ಚು ಡಿ. ಸಿ ಮತ್ತು ಡಿ ಇದ್ದವರಿಗೆ ಪಿಪಿಐ ದೀರ್ಘಕಾಲ ಬೇಕು. ಸಣ್ಣಕರುಳಿನ ಹುಣ್ಣಿಗೆ ಸಾಮಾನ್ಯವಾಗಿ ನಾಲ್ಕು ವಾರ, ಜಠರದ ಹುಣ್ಣಿಗೆ ಎಂಟು ವಾರ. ಜಠರದ ಹುಣ್ಣಿನ ಅಂಚಿನಿಂದ ಚೂರು ತೆಗೆಯುತ್ತಾರೆ, ಎಂಟರಿಂದ ಹನ್ನೆರಡು ವಾರಕ್ಕೆ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿ ಮಾಗಿದೆಯೇ ಎಂದು ನೋಡುವುದೂ ಇದೆ, ಏಕೆಂದರೆ ಕ್ಯಾನ್ಸರ್ ಕೂಡ ಹುಣ್ಣಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ನೋವು ಹೋಯಿತೆಂದು ಈ ಎರಡನೆಯ ಎಂಡೋಸ್ಕೋಪಿಯನ್ನು ತಪ್ಪಿಸಿಕೊಳ್ಳಬೇಡಿ ಎಂದು ಕೈಮುಗಿದು ಕೇಳುತ್ತೇವೆ.

ಎಲ್ಲ ಸರಿಯಿದೆ ಎಂಬ ವರದಿಯೂ ಬಹಳ ಸಾಮಾನ್ಯ. ಹಾಗೆಂದರೆ ನಿಮಗೆ ನೋವೇ ಇಲ್ಲವೆಂದಲ್ಲ. ಸ್ವಲ್ಪ ತಿಂದರೆ ತುಂಬಿದಂತಾಗುವುದು, ಊಟದ ನಂತರ ಹೊಟ್ಟೆಯುಬ್ಬರ, ಮೇಲ್ಹೊಟ್ಟೆಯ ಉರಿ ಇದ್ದು ಗಾಯ ಕಾಣದಿದ್ದರೆ ಅದು ಫಂಕ್ಷನಲ್ ಡಿಸ್ಪೆಪ್ಸಿಯಾ ಇರಬಹುದು. ಜಠರ ಹಿಗ್ಗುವುದರಲ್ಲಿ, ನರಗಳು ಅದನ್ನು ಗ್ರಹಿಸುವುದರಲ್ಲಿ ವ್ಯತ್ಯಾಸವಾಗಿರುತ್ತದೆ. ಇದಕ್ಕೆ ಅಮಿಟ್ರಿಪ್ಟಿಲಿನ್ ಅನ್ನು ರಾತ್ರಿ 10 ಮಿ.ಗ್ರಾಂ.ನಿಂದ ಶುರುಮಾಡಿ ಕೊಡುವುದುಂಟು. ಮಾನಸಿಕ ಕಾಯಿಲೆಯ ಮಾತ್ರೆ ಕೊಟ್ಟರೆಂದು ಬೇಸರಪಡಬೇಕಿಲ್ಲ, ಈ ಪ್ರಮಾಣ ಕರುಳಿನ ನರಗಳಿಗಾಗಿ. ಎದೆಯುರಿಯೇ ಮುಖ್ಯವಾಗಿದ್ದು ಎಂಡೋಸ್ಕೋಪಿ ಸರಿಯಿದ್ದರೆ ಮೂಗಿನ ಮೂಲಕ ತೆಳ್ಳನೆಯ ನಳಿಕೆ ಇಳಿಸಿ 24 ಗಂಟೆ ಆಮ್ಲ ಅಳೆಯುತ್ತಾರೆ. ಅನ್ನನಾಳದ ಪಿಎಚ್ (ಇದು ಇಳಿದಷ್ಟೂ ಆಮ್ಲ ಹೆಚ್ಚು) 4ಕ್ಕಿಂತ ಕೆಳಗಿದ್ದ ಹೊತ್ತು ಶೇ. 6ಕ್ಕಿಂತ ಹೆಚ್ಚಿದ್ದರೆ ರಿಫ್ಲಕ್ಸ್ ಖಚಿತ, ಶೇ. 4ಕ್ಕಿಂತ ಕಡಿಮೆ ಇದ್ದರೆ ಉರಿಯ ಕಾರಣ ಬೇರೆ.

ಈಗ ಬ್ಯಾಕ್ಟೀರಿಯಾದ ವಿಚಾರ. ಹೆಲಿಕೊಬ್ಯಾಕ್ಟರ್ ಪೈಲೋರಿಯನ್ನು 1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಬೆಳೆಸಿ ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅವರು ಅದನ್ನು ತೋರಿಸುವವರೆಗೆ ಅಲ್ಸರ್, ಅಂದರೆ ಹುಣ್ಣು, ಎಂದರೆ ಒತ್ತಡ, ಆಮ್ಲ ಎಂದಷ್ಟೇ ನಂಬಿದ್ದರು. ಈ ಜೀವಿ ಯೂರಿಯಾವನ್ನು ಒಡೆದು ಅಮೋನಿಯ ಮಾಡಿಕೊಂಡು ಆಮ್ಲದ ನಡುವೆ ಬದುಕುತ್ತದೆ. ಅದನ್ನು ಹಿಡಿಯುವ ಪರೀಕ್ಷೆಗಳೂ ಇದನ್ನೇ ಆಧರಿಸಿವೆ: ಎಂಡೋಸ್ಕೋಪಿಯಲ್ಲಿ ತೆಗೆದ ಚೂರನ್ನು ಯೂರಿಯಾ ಇರುವ ಹಳದಿ ಜೆಲ್‌ನಲ್ಲಿಟ್ಟರೆ ಬ್ಯಾಕ್ಟೀರಿಯಾ ಇದ್ದಾಗ ಅದು ಗುಲಾಬಿಗೆಂಪಾಗುತ್ತದೆ.

ಚಿಕಿತ್ಸೆ 14 ದಿನ. ಹಿಂದೆ ಕ್ಲಾರಿಥ್ರೊಮೈಸಿನ್, ಅಮಾಕ್ಸಿಸಿಲಿನ್, ಪಿಪಿಐ ಮೂರರ ಕಿಟ್ ಕೊಡುತ್ತಿದ್ದರು. ಕ್ಲಾರಿಥ್ರೊಮೈಸಿನ್‌ಗೆ ಬ್ಯಾಕ್ಟೀರಿಯಾ ಒಗ್ಗಿಹೋಗಿರುವುದರಿಂದ, ಅದು ಕೆಲಸ ಮಾಡುತ್ತದೆಂದು ಪರೀಕ್ಷೆಯಲ್ಲಿ ತಿಳಿಯದೆ ಕೊಡಬಾರದೆಂಬುದು ಈಗಿನ ನಿಲುವು. ಹಿಂದೆ ಕೆಮ್ಮು, ಗಂಟಲುನೋವಿಗೆ ಅಜಿಥ್ರೊಮೈಸಿನ್‌ನಂಥದ್ದು ತೆಗೆದುಕೊಂಡಿದ್ದರೆ ಅದನ್ನು ತಿಳಿಸುವುದು ಇದಕ್ಕೇ ಮುಖ್ಯ. ಈಗ ಮೊದಲ ಆಯ್ಕೆ ನಾಲ್ಕು ಔಷಧಿಗಳದ್ದು: ಪಿಪಿಐ ಎರಡು ಬಾರಿ, ಬಿಸ್ಮತ್ ನಾಲ್ಕು ಬಾರಿ, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ. ನಾಲ್ಕು ಬಾರಿ, ಮೆಟ್ರೊನಿಡಜೋಲ್ 500 ಮಿ.ಗ್ರಾಂ. ಮೂರು ಅಥವಾ ನಾಲ್ಕು ಬಾರಿ. ದಿನಕ್ಕೆ ಹದಿಮೂರು ಹದಿನಾಲ್ಕು ಮಾತ್ರೆ. ಪಿಪಿಐ ಇಲ್ಲಿ ಉರಿಗಾಗಿ ಮಾತ್ರವಲ್ಲ; ಆಮ್ಲ ತಗ್ಗಿದಾಗ ಬ್ಯಾಕ್ಟೀರಿಯಾ ವಿಭಜನೆಗೆ ಇಳಿಯುತ್ತದೆ, ಆ್ಯಂಟಿಬಯೊಟಿಕ್‌ಗೆ ಸಿಗುವುದು ಆಗಲೇ.

ದಿನಚರಿ ಹೀಗೆ ಹಾಕಿಕೊಳ್ಳಿ. ಎದ್ದ ಕೂಡಲೇ ಪಿಪಿಐ. ಅರ್ಧ ಗಂಟೆಗೆ ತಿಂಡಿ, ತಿಂಡಿಯಾದ ಕೂಡಲೇ ಉಳಿದ ಮೂರು, ಪೂರ್ತಿ ಲೋಟ ನೀರಿನಲ್ಲಿ. ಮಧ್ಯಾಹ್ನ ಊಟವಾದ ಮೇಲೆ ಅದೇ ಮೂರು. ಸಂಜೆ ಪಿಪಿಐ, ಅರ್ಧ ಗಂಟೆಗೆ ಊಟ, ಮತ್ತೆ ಮೂರು. ನಾಲ್ಕನೆಯ ಸುತ್ತು ರಾತ್ರಿ, ಹಾಸಿಗೆಗೆ ಹೋಗುವ ಒಂದು ಗಂಟೆ ಮೊದಲು. ಟೆಟ್ರಾಸೈಕ್ಲಿನ್ ಅನ್ನನಾಳದಲ್ಲಿ ನಿಂತರೆ ಸುಡುತ್ತದೆ. ಹಾಲಿನ ಪದಾರ್ಥ, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಟೆಟ್ರಾಸೈಕ್ಲಿನ್‌ನ ಎರಡು ಗಂಟೆ ಆಚೆ ಈಚೆ ಬೇಡ. ಮದ್ಯ ಪೂರ್ತಿ ನಿಷಿದ್ಧ, ಕೋರ್ಸು ಮುಗಿದು ಮೂರು ದಿನದವರೆಗೂ. ನಾಲಿಗೆ, ಮಲ ಕಪ್ಪಾಗುತ್ತದೆ, ಬಾಯಲ್ಲಿ ಲೋಹದ ರುಚಿ ಬರುತ್ತದೆ, ಮೂತ್ರ ಗಾಢವಾಗಬಹುದು. ಇವು ಔಷಧಿಯ ಗುರುತುಗಳು, ನಿಲ್ಲಿಸಲು ಕಾರಣವಲ್ಲ. ಮೈಮೇಲೆ ದದ್ದು, ಉಸಿರಾಟದ ತೊಂದರೆ, ಕೈಕಾಲು ಜೋಮು, ನಿಲ್ಲದ ಭೇದಿ ಬಂದರೆ ಕರೆ ಮಾಡಬೇಕು. ಟೆಟ್ರಾಸೈಕ್ಲಿನ್ ಗರ್ಭಿಣಿಯರಿಗೆ ಆಗದು. ವಾರ್ಫರಿನ್ ತೆಗೆದುಕೊಳ್ಳುವವರಿಗೆ ಮೆಟ್ರೊನಿಡಜೋಲ್ ರಕ್ತವನ್ನು ಇನ್ನೂ ತೆಳುವಾಗಿಸುತ್ತದೆ, ರಕ್ತ ಎಷ್ಟು ತೆಳುವಾಗಿದೆ ಎಂದು ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು.

ಕೋರ್ಸು ಸೋಲುವುದು ಹೆಚ್ಚಾಗಿ ಎರಡನೆಯ ವಾರದಲ್ಲಿ. ನೋವು ಹೋಗಿರುತ್ತದೆ, ವಾಕರಿಕೆ ಸಾಕಾಗಿರುತ್ತದೆ, ಮಧ್ಯಾಹ್ನದ ಸುತ್ತು ತಪ್ಪತೊಡಗುತ್ತದೆ. ಉಳಿದುಕೊಂಡ ಬ್ಯಾಕ್ಟೀರಿಯಾ ಆ ಔಷಧಿಗೆ ಒಗ್ಗಿಕೊಂಡದ್ದಾಗಿರುವ ಸಂಭವ ಹೆಚ್ಚು, ಮುಂದಿನ ಸಲ ಆಯ್ಕೆಗಳು ಕಡಿಮೆಯಾಗುತ್ತವೆ. 14 ದಿನದ ಎಲ್ಲ ಮಾತ್ರೆಗಳನ್ನು ಮೊದಲ ದಿನವೇ ತಂದು, ದಿನಕ್ಕೊಂದು ಪೊಟ್ಟಣ ಮಾಡಿ, ನಾಲ್ಕು ಹೊತ್ತಿಗೂ ಫೋನಿನಲ್ಲಿ ಅಲಾರಂ ಇಟ್ಟುಕೊಂಡವರು ಮುಗಿಸುತ್ತಾರೆ.

ಮುಗಿದ ಮೇಲೆ ಬ್ಯಾಕ್ಟೀರಿಯಾ ಹೋಯಿತೇ ಎಂದು ಪರೀಕ್ಷಿಸಲೇಬೇಕು. ಬಹಳ ಜನ ಬಿಟ್ಟುಬಿಡುವ ಹಂತ ಇದು. ಆ್ಯಂಟಿಬಯೊಟಿಕ್ ಮುಗಿದು ಕನಿಷ್ಠ ನಾಲ್ಕು ವಾರ, ಪಿಪಿಐ ನಿಲ್ಲಿಸಿ ಎರಡು ವಾರ ಆಗಿರಬೇಕು, ಇಲ್ಲವಾದರೆ ಇದ್ದರೂ ಇಲ್ಲವೆಂದು ಬರುತ್ತದೆ. ರಕ್ತದ ಆ್ಯಂಟಿಬಾಡಿ ಪರೀಕ್ಷೆ ಇದಕ್ಕೆ ಉಪಯೋಗವಿಲ್ಲ, ವಾಸಿಯಾದ ಮೇಲೂ ಅದು ಬಹುಕಾಲ ಪಾಸಿಟಿವ್ ಇರುತ್ತದೆ. ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ ಮಾಡಿಸಬೇಕು. ಉಸಿರಿನದು ಸುಲಭ: ನಾಲ್ಕರಿಂದ ಆರು ಗಂಟೆ ಉಪವಾಸ, ಒಂದು ಚೀಲಕ್ಕೆ ಊದುವುದು, ಕಾರ್ಬನ್-13 ಯೂರಿಯಾ ದ್ರಾವಣ ಕುಡಿಯುವುದು, ಕಿಟ್ಟಿಗೆ ತಕ್ಕಂತೆ ಹದಿನೈದರಿಂದ ಮೂವತ್ತು ನಿಮಿಷ ಅಲ್ಲಾಡದೆ ಕೂತಿದ್ದು ಎರಡನೆಯ ಚೀಲಕ್ಕೆ ಊದುವುದು. ಕಾರ್ಬನ್-13ಕ್ಕೆ ವಿಕಿರಣವಿಲ್ಲ.

ಕೊನೆಯ ಹಂತ ಪಿಪಿಐ ಬಿಡುವುದು. ಬಹುಕಾಲ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ಮೂರ್ನಾಲ್ಕು ದಿನದಲ್ಲಿ ಮೊದಲಿಗಿಂತ ಜೋರಾದ ಉರಿ ಬರುವುದುಂಟು. ಆಮ್ಲ ತಗ್ಗಿದ್ದಾಗ ದೇಹ ಆಮ್ಲ ಸುರಿಸುವಂತೆ ಹೇಳುವ ಗ್ಯಾಸ್ಟ್ರಿನ್ ಹಾರ್ಮೋನನ್ನು ಏರಿಸಿಕೊಂಡಿರುತ್ತದೆ. ತಡೆ ತೆಗೆದ ಕೂಡಲೇ ಆಮ್ಲ ಮಿತಿಮೀರಿ ಸುರಿಯುತ್ತದೆ. ಯಾವ ಕಾಯಿಲೆಯೂ ಇಲ್ಲದವರಿಗೆ ಎಂಟು ವಾರ ಕೊಟ್ಟು ನಿಲ್ಲಿಸಿದಾಗಲೂ ಎದೆಯುರಿ ಬಂದದ್ದು ದಾಖಲಾಗಿದೆ. ಇದನ್ನು ಕಾಯಿಲೆ ಮರಳಿತೆಂದು ತಿಳಿದು ಮತ್ತೆ ಶುರುಮಾಡಿದವರು ಬಿಡುವುದೇ ಇಲ್ಲ. ಎರಡು ಬಾರಿ ಇದ್ದದ್ದನ್ನು ಒಂದು ಬಾರಿಗೆ, 40 ಮಿ.ಗ್ರಾಂ. ಇದ್ದದ್ದನ್ನು 20ಕ್ಕೆ, ಆಮೇಲೆ ದಿನ ಬಿಟ್ಟು ದಿನ, ಪ್ರತಿ ಹಂತಕ್ಕೂ ಎರಡರಿಂದ ನಾಲ್ಕು ವಾರ. ನಡುವೆ ಉರಿ ಬಂದರೆ ಆಂಟಾಸಿಡ್, ರಾತ್ರಿ ಫಾಮೊಟಿಡಿನ್. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ, ಮಂಚದ ತಲೆಭಾಗದ ಕಾಲಿನಡಿ 15ರಿಂದ 20 ಸೆಂ.ಮೀ. ಎತ್ತರದ ಕಟ್ಟೆ, ಎಡಮಗ್ಗುಲ ನಿದ್ದೆ ಇವು ಆಗ ನಿಜಕ್ಕೂ ಕೈಹಿಡಿಯುತ್ತವೆ. ದಿಂಬಿನ ಮೇಲೆ ದಿಂಬು ಇಟ್ಟರೆ ಹೊಟ್ಟೆ ಮಡಚಿ ಒತ್ತಡವೇ ಹೆಚ್ಚುತ್ತದೆ.

ಎಲ್ಲರೂ ಬಿಡಬೇಕಿಲ್ಲ. ಸಿ, ಡಿ ದರ್ಜೆಯ ಗಾಯ ಇದ್ದವರು, ಬ್ಯಾರೆಟ್ ಇರುವವರು, ಹಿಂದೆ ಹುಣ್ಣಿನಿಂದ ರಕ್ತಸ್ರಾವವಾಗಿ ಈಗಲೂ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಬೇಕಾದವರು ಮುಂದುವರಿಸಬೇಕು. ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್, ಇಸೊಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಕೊಡುವುದು ವಾಡಿಕೆ, ಮೊದಲೆರಡು ಕ್ಲೊಪಿಡೊಗ್ರೆಲ್‌ನ ಪರಿಣಾಮವನ್ನು ಕುಗ್ಗಿಸುತ್ತವೆ. ವರ್ಷಗಟ್ಟಲೆ ಮುಂದುವರಿಸುವವರಲ್ಲಿ ಮೆಗ್ನೀಸಿಯಂ, ಬಿ12 ಇಳಿಯಬಹುದು. ಸ್ನಾಯು ಸೆಳೆತ, ಎದೆಬಡಿತದ ಏರುಪೇರು ಕಂಡರೆ ಮೆಗ್ನೀಸಿಯಂ ನೋಡಿಸಿ. ಹಂತಹಂತವಾಗಿ ಬಿಟ್ಟು ಎರಡು ತಿಂಗಳಾದರೂ ಉರಿ ಇಳಿಯದಿದ್ದರೆ ಅದನ್ನು ಗ್ಯಾಸ್ಟ್ರಿನ್ ಮೇಲೆ ಹೊರಿಸುವಂತಿಲ್ಲ. ಉರಿಯನ್ನು ಹಿಡಿತದಲ್ಲಿಡುವ ಅತಿ ಕಡಿಮೆ ಪ್ರಮಾಣಕ್ಕೆ ಮರಳಿ, ಆಮ್ಲ ಅಳೆಯುವ ಪರೀಕ್ಷೆ ಬೇಕೇ ಎಂದು ಡಾಕ್ಟರ ಜೊತೆ ಮಾತಾಡುವ ಹೊತ್ತು ಅದು.